ಬಾಗಿಲು ಮೊದಲು, ಸ್ಪೀಕರ್ ಆಮೇಲೆ

“ಸೌಂಡೇನೋ ಬರುತ್ತೆ ಅಣ್ಣಾ, ಹಾಡಿನ ಮಾತೇ ತಿಳಿಯಲ್ಲ.” ಕಾರಿನ ಕಂಪನಿ ಸ್ಟೀರಿಯೋ ಬಗ್ಗೆ ನನ್ನ ಅಂಗಡಿಗೆ ಬರುವ ದೂರುಗಳನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಇದೊಂದೇ. ಸಣ್ಣ ಕಾರುಗಳಿಗೆ ಕಾರ್ಖಾನೆಯಲ್ಲಿ ಕೂರಿಸುವ ಸ್ಪೀಕರನ್ನು ಬಿಚ್ಚಿ ಕೈಯಲ್ಲಿ ಹಿಡಿದರೆ ಕಾರಣ ತಾನೇ ಗೊತ್ತಾಗುತ್ತದೆ. ತೆಳು ಕಾಗದದ ಕೋನ್, ಪುಟ್ಟ ಮ್ಯಾಗ್ನೆಟ್, ಪ್ಲಾಸ್ಟಿಕ್ ಚೌಕಟ್ಟು. ಎಷ್ಟೋ ಮಾಡೆಲ್‌ಗಳಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರೇ ಇರುವುದಿಲ್ಲ. ‘ಸ’, ‘ಶ’, ‘ಚ’ಗಳ ಅಂಚು ಬಹುಪಾಲು ಮೇಲಿನ ಆವರ್ತನಗಳಲ್ಲಿ ಇರುವಂಥದ್ದು. ಅಲ್ಲಿಗೆ ಸ್ಪೀಕರ್ ಮುಟ್ಟದಿದ್ದರೆ ದನಿ ಕೇಳಿಸುತ್ತದೆ, ಸಾಹಿತ್ಯ ಮಂಕಾಗುತ್ತದೆ.

ನಾನು ಈ ಕೆಲಸ ಕಲಿತದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಈಗ ಹಾಸನದಲ್ಲಿ ಸ್ವಂತ ಅಂಗಡಿ. ಟ್ಯಾಕ್ಸಿ ಓಡಿಸುವವರು, ಶಾಲೆಯ ಮೇಷ್ಟ್ರುಗಳು, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು, ವಾರಕ್ಕೊಮ್ಮೆ ಮಂಗಳೂರಿಗೆ ಘಟ್ಟ ಇಳಿಯುವವರು ಬರುತ್ತಾರೆ. ಬಹುತೇಕರ ಕೈಯಲ್ಲಿರುವುದು ಹತ್ತರಿಂದ ಇಪ್ಪತ್ತೈದು ಸಾವಿರ ರೂಪಾಯಿ. ಅಷ್ಟರಲ್ಲೇ ಮಾತು ಸ್ಪಷ್ಟವಾಗಿ ಕೇಳುವ, ಕಿವಿಗೆ ಹಿತವಾದ ಸಿಸ್ಟಮ್ ಖಂಡಿತ ಸಾಧ್ಯ. ಆದರೆ ದುಡ್ಡು ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ಸರದಿ ತಪ್ಪಬಾರದು. ಈ ಬರಹ ಆ ಸರದಿಯ ಬಗ್ಗೆ.

1. ಇರುವುದನ್ನು ಮೊದಲು ಸರಿಮಾಡಿ

ಗಾಡಿ ಬಂದ ಕೂಡಲೇ ನಾನು ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ, ಸೆಟ್ಟಿನ ಮೆನುವಿಗೆ ಹೋಗುತ್ತೇನೆ. ಬೇಸ್ ಪೂರ್ತಿ ಮೇಲೆ, ಟ್ರೆಬಲ್ ಪೂರ್ತಿ ಮೇಲೆ, ಲೌಡ್‌ನೆಸ್ ಆನ್, ಮುಂದಿನ ಹಿಂದಿನ ಸ್ಪೀಕರಿಗೆ ದನಿ ಹಂಚುವ ಫೇಡರ್ ಹಿಂದಕ್ಕೆ: ಬಹಳಷ್ಟು ಗಾಡಿಗಳ ಸ್ಥಿತಿ ಇದೇ. ಎಲ್ಲವನ್ನೂ ಸೊನ್ನೆಗೆ ತರುತ್ತೇನೆ. ಬೇಸನ್ನು 3 ಡೆಸಿಬಲ್ ಏರಿಸಿದರೆ ಆ ಭಾಗಕ್ಕೆ ಎರಡು ಪಟ್ಟು ಶಕ್ತಿ ಬೇಕು, 6 ಏರಿಸಿದರೆ ನಾಲ್ಕು ಪಟ್ಟು. ಕಂಪನಿ ಸೆಟ್ಟಿನಲ್ಲಿ ಅಷ್ಟು ಶಕ್ತಿಯೇ ಇಲ್ಲ, ಹಾಗಾಗಿ ದನಿ ಒಡೆಯುತ್ತದೆ.

ಆಮೇಲೆ ಫೋನು. ಬ್ಲೂಟೂತ್‌ನಲ್ಲಿ ಫೋನಿನ ವಾಲ್ಯೂಮ್ ಪೂರ್ತಿ ಇರಲಿ, ಏರಿಳಿಕೆಯೆಲ್ಲ ಸೆಟ್ಟಿನಲ್ಲಿ ಆಗಲಿ. ಫೋನಿನ ಈಕ್ವಲೈಜರ್ ಬಂದ್ ಮಾಡಿ. ಹಾಡಿನ ಆಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಆನ್ ಇದ್ದರೆ ತೆಗೆಯಿರಿ. ಪೆನ್‌ಡ್ರೈವ್‌ನಲ್ಲಿ ಎಂದೋ ಇಳಿಸಿಕೊಂಡ 64 ಕೆಬಿಪಿಎಸ್ ಎಂಪಿ3 ಹಾಡುಗಳಿದ್ದರೆ ಯಾವ ಸ್ಪೀಕರ್ ಹಾಕಿದರೂ ಅವು ಸುಧಾರಿಸುವುದಿಲ್ಲ. ಒಳ್ಳೆಯ ಸ್ಪೀಕರ್ ಅವುಗಳ ಹುಳುಕನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಈ ಹಂತದಲ್ಲೇ ಸಮಾಧಾನವಾಗಿ ಹಿಂತಿರುಗುವ ಗಿರಾಕಿಗಳೂ ಇದ್ದಾರೆ. ಅವರನ್ನು ಹಾಗೆಯೇ ಕಳಿಸುತ್ತೇನೆ. ಮುಂದೆ ಕೆಲಸ ಬಂದಾಗ ಅವರು ನನ್ನಲ್ಲಿಗೇ ಬರುತ್ತಾರೆ.

2. ಸ್ಪೀಕರ್ ಕೂರುವ ಪೆಟ್ಟಿಗೆ ಬಾಗಿಲೇ

ವೀಣೆಗೆ ಕೊಡ ಹೇಗೋ ಬಾಗಿಲಿನ ಸ್ಪೀಕರಿಗೆ ಬಾಗಿಲು ಹಾಗೆ. ತಂತಿ ಎಷ್ಟು ಒಳ್ಳೆಯದಾದರೂ ಕೊಡ ಬಿರುಕುಬಿಟ್ಟಿದ್ದರೆ ನಾದ ನಿಲ್ಲದು. ಕಡಿಮೆ ದುಡ್ಡಿನ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಈ ಬಾಗಿಲೇ, ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ.

ಸ್ಪೀಕರಿನ ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲಾಗುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ತಿರುಗುಮುರುಗು. ಬಾಗಿಲಿನ ಒಳತಗಡಿನಲ್ಲಿ ಗಾಜಿನ ಮೋಟಾರು, ಲಾಕಿನ ಕೆಲಸಕ್ಕೆಂದು ದೊಡ್ಡ ದೊಡ್ಡ ತೂತುಗಳಿರುತ್ತವೆ, ಅವಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹಿಂದಿನ ಅಲೆ ಆ ತೂತುಗಳ ಮೂಲಕ ಮುಂದಕ್ಕೆ ಬಂದು ಮುಂದಿನ ಅಲೆಯನ್ನು ಕಡಿದುಹಾಕುತ್ತದೆ. ಮೊದಲು ಸಾಯುವುದು ಬೇಸ್, ಅದರ ಜೊತೆಗೇ ಗಂಡು ದನಿಯ ತುಂಬು. ಇನ್ನು ಹೊರತಗಡು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟಣ್ ಎನ್ನುತ್ತದೆ. ಸ್ಪೀಕರ್ ನುಡಿದಾಗಲೂ ಅದು ಅದೇ ಸದ್ದನ್ನು ಹಾಡಿನೊಳಗೆ ಬೆರೆಸುತ್ತಿರುತ್ತದೆ.

ಮದ್ದು ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟು. ಒಂದು ಮಗ್ಗುಲಿಗೆ ಅಲ್ಯುಮಿನಿಯಂ ಹಾಳೆ, ಇನ್ನೊಂದು ಮಗ್ಗುಲಿಗೆ ಅಂಟು. 2 ಮಿಲಿಮೀಟರ್ ದಪ್ಪ ಸಾಕು. ಡೋರ್ ಪ್ಯಾಡ್ ಬಿಚ್ಚಿ, ಹೊರತಗಡಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಜಿಡ್ಡು ದೂಳು ಉಳಿಯದ ಹಾಗೆ ಮಾಡಿ ಅಂಟಿಸಬೇಕು. ಅಂಟಿಸಿದ ಮೇಲೆ ರೋಲರ್‌ನಿಂದ ತಿಕ್ಕಬೇಕು. ಹಾಳೆಯ ಮೇಲಿನ ಉಬ್ಬುಗೆರೆಗಳು ಸಮವಾಗುವವರೆಗೂ ತಿಕ್ಕಿ. ತಿಕ್ಕದ ಶೀಟು ತಗಡಿಗೆ ಹಿಡಿಯುವುದಿಲ್ಲ, ಹಿಡಿಯದಿದ್ದರೆ ತಗಡಿನ ನಡುಕವನ್ನು ಹೀರುವುದೂ ಇಲ್ಲ. ಹೊರತಗಡನ್ನು ಅಂಗುಲ ಬಿಡದೆ ಮುಚ್ಚಬೇಕಾಗಿಲ್ಲ. ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆದರೂ, ಅದರಲ್ಲೂ ಸ್ಪೀಕರಿನ ಬೆನ್ನ ಹಿಂದೆ ಸರಿಯಾಗಿ ಆದರೆ, ಟಣ್ ಎನ್ನುತ್ತಿದ್ದದ್ದು ದಪ್ ಎನ್ನುತ್ತದೆ. ಉಳಿದ ಶೀಟನ್ನು ಒಳತಗಡಿನ ತೂತು ಮುಚ್ಚಲು ಬಳಸಿ. ದೊಡ್ಡ ತೂತುಗಳಿಗೆ ಬರೀ ಶೀಟು ಜೋತುಬೀಳುತ್ತದೆ, ಹಿಂದೆ ತೆಳು ಪ್ಲಾಸ್ಟಿಕ್ ಹಲಗೆಯ ಆಸರೆ ಕೊಡಬೇಕು.

ಅಲ್ಲೇ ಇದ್ದಾಗ ಮುಗಿಸಬೇಕಾದ ಸಣ್ಣ ಕೆಲಸಗಳಿವೆ. ಲಾಕಿನ ಕಡ್ಡಿ, ಒಳಗೆ ತೂಗಾಡುವ ವೈರು, ಇವಕ್ಕೆ ಫೋಮ್ ಅಥವಾ ಬಟ್ಟೆಯ ಟೇಪು ಸುತ್ತಿ. ಬಾಗಿಲಿನ ಬುಡದಲ್ಲಿರುವ ನೀರು ಹೋಗುವ ಕಿಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮಳೆ ಬಂದಾಗ ಗಾಜಿನ ಗುಂಟ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಹೊರಹೋಗಲು ಅದಕ್ಕೆ ಅದೊಂದೇ ದಾರಿ. ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಿ, ತೂತು ಮುಚ್ಚದೆ, ಹಾಗೇ ಪ್ಯಾಡ್ ಹಾಕಿ ಕಳಿಸಿದ ಗಾಡಿಗಳು ನನ್ನಲ್ಲಿಗೆ ಬರುತ್ತಿರುತ್ತವೆ. ಮಲೆನಾಡಿನ ಒಂದು ಮಳೆಗಾಲ ಕಳೆದರೆ ಪ್ಯಾಡು ಉಬ್ಬಿ, ಕಾಲಡಿಯ ಕಾರ್ಪೆಟ್ ಮುಗ್ಗಲು ನಾತ ಹೊಡೆಯುತ್ತದೆ.

ಅಗ್ಗವೆಂದು ಡಾಂಬರಿನ ಶೀಟು ಹಾಕುವವರಿದ್ದಾರೆ. ಮಾಳಿಗೆ ಸೋರದಂತೆ ಹಾಕುವ ಸಾಮಾನು ಅದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಡಿ ಬಿಸಿಲಿಗೆ ನಿಂತರೆ ಬಾಗಿಲಿನ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. ಆಗ ಡಾಂಬರು ಮೆತ್ತಗಾಗಿ ಜಾರಿ ಗಾಜಿನ ಹಳಿಗೆ ಮೆತ್ತಿಕೊಳ್ಳುತ್ತದೆ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಡ್ಯಾಂಪಿಂಗ್ ಹಾಕಿದರೆ ಟೈರಿನ ಸದ್ದು ಮಾಯವಾಗುತ್ತದೆಂದು ಆಸೆ ಹುಟ್ಟಿಸುವುದು ಸರಿಯಲ್ಲ. ಆ ಸದ್ದು ಬಹುಪಾಲು ಬರುವುದು ನೆಲದಿಂದ, ಚಕ್ರದ ಮೇಲಿನ ಕಮಾನಿನಿಂದ. ಬಾಗಿಲಿನ ಕೆಲಸದಿಂದ ಅದು ಸ್ವಲ್ಪ ತಗ್ಗಬಹುದು, ಅಷ್ಟೇ.

3. ಡಬ್ಬಿ ಮೇಲಿನ ವ್ಯಾಟು ಓದಬೇಡಿ, ಲೆಕ್ಕ ಹಾಕಿ

ಸೆಟ್ಟಿನ ಮೇಲೆ “50 ವ್ಯಾಟ್ x 4” ಎಂದು ಬರೆದಿರುತ್ತದೆ. ಲೆಕ್ಕ ಸುಲಭ, ನೀವೇ ಹಾಕಬಹುದು. ಎಂಜಿನ್ ಓಡುವಾಗ ಗಾಡಿಯ ಕರೆಂಟು ಸುಮಾರು 14.4 ವೋಲ್ಟ್. ಸೆಟ್ಟಿನೊಳಗಿನ ಆಂಪ್ಲಿಫೈಯರ್ ಚಿಪ್ ಸ್ಪೀಕರಿಗೆ ಕೊಡಬಹುದಾದ ಗರಿಷ್ಠ ಏರಿಳಿತವೂ ಅಷ್ಟೇ. ಅದನ್ನು 1.414ರಿಂದ ಭಾಗಿಸಿದರೆ ಆರ್‌ಎಂಎಸ್ ವೋಲ್ಟೇಜ್ ಸಿಗುತ್ತದೆ, ಸುಮಾರು 10. ಹತ್ತರ ವರ್ಗ 100, ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 25 ವ್ಯಾಟ್. ಚಿಪ್ಪಿನೊಳಗಿನ ನಷ್ಟ ಕಳೆದರೆ ದನಿ ಒಡೆಯದೆ ಸಿಗುವುದು ಹದಿನೈದರಿಂದ ಇಪ್ಪತ್ತು. 50 ಎಂಬುದು ದನಿ ಪೂರ್ತಿ ಒಡೆದು ಚೌಕವಾದಾಗಿನ ಸಂಖ್ಯೆ, ಆ ದನಿಯನ್ನು ಯಾರೂ ಕೇಳಲಾರರು.

ಬೇರೆಯಾಗಿ ಹಾಕಿಸುವ ಆಂಪ್‌ಗೂ (ಆಂಪ್ಲಿಫೈಯರ್) ಇದೇ ಪರೀಕ್ಷೆ. “2000 ವ್ಯಾಟ್” ಎಂದು ಹೊಳೆಯುವ ಅಕ್ಷರದಲ್ಲಿ ಬರೆದಿದ್ದರೆ ಮಗ್ಗುಲಿನ ಫ್ಯೂಸ್ ನೋಡಿ. 25 ಆಂಪಿಯರ್ ಫ್ಯೂಸ್ ಇದ್ದರೆ 25 x 13.8, ಅಂದರೆ ಸುಮಾರು 345 ವ್ಯಾಟ್ ಒಳಗೆ ಹೋಗಬಹುದು. ಕ್ಲಾಸ್ ಎಬಿ ಎಂಬ ಬಗೆಯ ಆಂಪ್ ಆದರೆ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಕ್ಲಾಸ್ ಡಿ ಆದರೆ ಮುಕ್ಕಾಲಿಗಿಂತ ಹೆಚ್ಚು ದನಿಯಾಗಿ ಹೊರಬರುತ್ತದೆ. ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಕೊಡುವ ಯಂತ್ರ ಇನ್ನೂ ಹುಟ್ಟಿಲ್ಲ.

4. ಕಡಿಮೆ ಶಕ್ತಿಗೆ ಚೆನ್ನಾಗಿ ನುಡಿಯುವ ಸ್ಪೀಕರ್ ಆರಿಸಿ

ಕಂಪನಿ ಸೆಟ್ಟನ್ನೇ ಉಳಿಸಿಕೊಂಡು ಸ್ಪೀಕರ್ ಮಾತ್ರ ಬದಲಾಯಿಸುವವರು ನೋಡಬೇಕಾದ ಸಂಖ್ಯೆ ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ದನಿಯ ಮಟ್ಟ ಅದು, ಡೆಸಿಬಲ್‌ನಲ್ಲಿರುತ್ತದೆ. 91 ಡೆಸಿಬಲ್‌ನ ಸ್ಪೀಕರ್ 15 ವ್ಯಾಟಿಗೆ ಕೊಡುವಷ್ಟೇ ಜೋರನ್ನು 88ರ ಸ್ಪೀಕರ್ ಕೊಡಲು 30 ವ್ಯಾಟ್ ಬೇಕು. ದುಬಾರಿ ಸ್ಪೀಕರ್‌ಗಳಲ್ಲಿ ಹಲವು ಭಾರದ ಕೋನಿನವು, ಆಂಪ್ ಇಲ್ಲದೆ ಅವು ಕಂಪನಿ ಸ್ಪೀಕರಿಗಿಂತಲೂ ಮೆತ್ತಗೆ ಕೇಳುತ್ತವೆ. ಹದಿನೈದು ಸಾವಿರದ ಜೋಡಿ ಹಾಕಿಸಿಕೊಂಡು ಪೆಚ್ಚಾದವರಿದ್ದಾರೆ. ನಾಲ್ಕು ಸಾವಿರದ ಸೂಕ್ತ ಜೋಡಿಯಲ್ಲಿ ಅವರಿಗೆ ಬೇಕಾದ್ದು ಸಿಗುತ್ತಿತ್ತು.

ಕಾಗದದಲ್ಲಿ “2.83 ವೋಲ್ಟ್” ಎಂದಿದ್ದರೆ ಎಚ್ಚರ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಅಂದರೆ 2 ವ್ಯಾಟ್. ಹಾಗೆ ಅಳೆದ ಸಂಖ್ಯೆಯಿಂದ 3 ಕಳೆದು ಹೋಲಿಸಿ.

5. ದುಡ್ಡೆಲ್ಲ ಮುಂದಿನ ಎರಡು ಬಾಗಿಲಿಗೆ

ನಾಲ್ಕೂ ಬಾಗಿಲಿಗೆ ಅಗ್ಗದ ಸ್ಪೀಕರ್ ಹಾಕುವುದಕ್ಕಿಂತ ಮುಂದಿನ ಎರಡಕ್ಕೆ ಒಳ್ಳೆಯದನ್ನು ಹಾಕಿ, ಹಿಂದಿನವನ್ನು ಹಾಗೇ ಬಿಡುವುದು ಮೇಲು. ಸಂಗೀತ ಕಛೇರಿಯಲ್ಲಿ ಹಾಡುವವರು ನಮ್ಮೆದುರು ಕೂತಿರುತ್ತಾರೆ. ದನಿ ಡ್ಯಾಶ್‌ಬೋರ್ಡಿನ ಮೇಲಿಂದ ಬಂದಂತೆ ಕೇಳಬೇಕು. ಫೇಡರನ್ನು ಮುಂದಕ್ಕೆ ಎರಡು ಮೂರು ಹೆಜ್ಜೆ ಸರಿಸಿದರೆ ಹಿಂದೆ ಕೂತ ಅಪ್ಪ ಅಮ್ಮನಿಗೂ ಕಂಪನಿ ಸ್ಪೀಕರಿನಿಂದ ಸಾಕಷ್ಟು ಕೇಳುತ್ತದೆ, ಕಿವಿಯ ಪಕ್ಕದಲ್ಲೇ ಗದ್ದಲವಾಗುವುದೂ ತಪ್ಪುತ್ತದೆ.

ಕೋಆಕ್ಸಿಯಲ್ಲೋ ಕಾಂಪೊನೆಂಟೋ ಎಂದು ಎಲ್ಲರೂ ಕೇಳುತ್ತಾರೆ. ಕೋಆಕ್ಸಿಯಲ್‌ನಲ್ಲಿ ಟ್ವೀಟರ್ ಕೋನಿನ ನಡುವೆಯೇ ಇರುತ್ತದೆ, ಕಾಂಪೊನೆಂಟ್‌ನಲ್ಲಿ ಬೇರೆ. ಬಾಗಿಲಿನ ಸ್ಪೀಕರ್ ಮೊಣಕಾಲಿನ ಕೆಳಗಿರುವುದರಿಂದ ಟ್ವೀಟರ್ ಮೇಲಿದ್ದರೆ ಮಾತು ಬಿಡಿಸಿ ಕೇಳುತ್ತದೆ. ಡ್ಯಾಶ್‌ಬೋರ್ಡಿನ ತುದಿಯಲ್ಲೋ ಕನ್ನಡಿಯ ಒಳಮೂಲೆಯಲ್ಲೋ ಟ್ವೀಟರಿಗೆ ಕಂಪನಿಯೇ ಜಾಗ ಬಿಟ್ಟಿದ್ದರೆ ಕಾಂಪೊನೆಂಟ್ ತೆಗೆದುಕೊಳ್ಳಿ. ಇಲ್ಲದಿದ್ದರೆ, ಬಜೆಟ್ ಹತ್ತು ಸಾವಿರದ ಒಳಗಿದ್ದರೆ, ಒಳ್ಳೆಯ ಕೋಆಕ್ಸಿಯಲ್ಲೇ ಸಾಕು.

ಮುಂಗಾಜಿನ ಪಕ್ಕದ ಕಂಬಕ್ಕೆ ತೂತು ಕೊರೆದು ಟ್ವೀಟರ್ ಕೂರಿಸುವ ಚಾಳಿ ಹಳೆಯದು. ಈಚಿನ ಅನೇಕ ಕಾರುಗಳಲ್ಲಿ ಆ ಕಂಬದ ಮುಚ್ಚಳದ ಹಿಂದೆ ಕರ್ಟನ್ ಏರ್‌ಬ್ಯಾಗ್ ಮಡಚಿಕೊಂಡಿರುತ್ತದೆ. ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಟ್ವೀಟರ್ ಆಗಲಿ ವೈರಾಗಲಿ ಇರಬಾರದು. ಸೀಟಿನಡಿಯ ಹಳದಿ ಕಪ್ಲರ್‌ಗಳೂ ಏರ್‌ಬ್ಯಾಗಿನವೇ. ಗಿರಾಕಿ ಎಷ್ಟು ಒತ್ತಾಯಿಸಿದರೂ ಆ ಕಂಬಕ್ಕಾಗಲಿ ಈ ಕಪ್ಲರ್‌ಗಳಿಗಾಗಲಿ ನಾನು ಕೈ ಹಾಕುವುದಿಲ್ಲ. ಹಾಡಿಗಿಂತ ಜೀವ ದೊಡ್ಡದು.

6. ಆಳ ಅಳೆಯಿರಿ, ಗಾಜು ಇಳಿಸಿ ನೋಡಿ

ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳ ಮುಂದಿನ ಬಾಗಿಲಿಗೆ ಆರೂವರೆ ಇಂಚಿನದು ಕೂರುತ್ತದೆ. ಅಗಲ ಹೊಂದಿದರೆ ಸಾಲದು, ಆಳವೂ ಹೊಂದಬೇಕು. ಮ್ಯಾಗ್ನೆಟ್ ದೊಡ್ಡದಾದರೆ ಇಳಿಯುವ ಗಾಜು ಅದಕ್ಕೆ ಬಡಿಯುತ್ತದೆ. ನಡುವೆ ರಿಂಗ್ ಹಾಕಿ ಸ್ಪೀಕರನ್ನು ಮುಂದೆ ತರುತ್ತೇವೆ. ಎಂಡಿಎಫ್ ರಿಂಗ್ ಸಸ್ತಾ, ಆದರೆ ಆಗುಂಬೆ, ಮಡಿಕೇರಿ, ಕರಾವಳಿಯ ಕಡೆ ಓಡುವ ಗಾಡಿಗೆ ಬೇಡ. ನೀರು ಕುಡಿದು ಉಬ್ಬಿ, ಸ್ಕ್ರೂ ಹಿಡಿತ ಬಿಡುತ್ತದೆ. ಪ್ಲಾಸ್ಟಿಕ್ ರಿಂಗ್, ಇಲ್ಲವೇ ಬಣ್ಣ ಬಳಿದ ಮೆರೈನ್ ಪ್ಲೈವುಡ್ ಹಾಕಿ. ರಿಂಗಿಗೂ ತಗಡಿಗೂ ನಡುವೆ ಫೋಮ್ ಪಟ್ಟಿ ಇರಲಿ. ಪ್ಯಾಡ್ ಮುಚ್ಚುವ ಮುಂಚೆ ಗಾಜನ್ನು ಪೂರ್ತಿ ಇಳಿಸಿ ಏರಿಸಿ.

ಕ್ಲಿಪ್ಪು! ಪ್ಯಾಡ್ ಬಿಚ್ಚುವಾಗ ಒಂದೆರಡು ಮುರಿಯುವುದು ಸಹಜ. ಆ ಮಾಡೆಲಿನ ಹೊಸ ಕ್ಲಿಪ್ಪುಗಳ ಪೊಟ್ಟಣ ಪಕ್ಕದಲ್ಲಿಟ್ಟುಕೊಂಡೇ ಶುರುಮಾಡಿ. ಮುರಿದ ಕ್ಲಿಪ್ಪಿನ ಜಾಗದಲ್ಲಿ ಏನೂ ಹಾಕದೆ ಪ್ಯಾಡ್ ಒತ್ತಿ ಕಳಿಸಿದರೆ ಎಲ್ಲ ಶ್ರಮವೂ ಒಂದು ಗರಗರ ಸದ್ದಿನಲ್ಲಿ ಮುಳುಗುತ್ತದೆ.

7. ಕಂಪನಿ ವೈರಿಗೆ ಕತ್ತರಿ ಬೇಡ

ಹೆಚ್ಚಿನ ಕಂಪನಿಗಳ ಸ್ಪೀಕರಿಗೂ ಸೆಟ್ಟಿಗೂ ಹೊಂದುವ ಕಪ್ಲರ್ ಸಿಗುತ್ತದೆ. ಒಂದು ತುದಿ ಕಂಪನಿ ವೈರಿಗೆ, ಇನ್ನೊಂದು ತುದಿ ಹೊಸ ಸಾಮಾನಿಗೆ. ಬೆಲೆ ಕೆಲವು ನೂರು ರೂಪಾಯಿ. ಅದನ್ನು ಉಳಿಸಲು ವೈರ್ ಕತ್ತರಿಸಿ ಟೇಪ್ ಸುತ್ತಿದರೆ, ನಾಳೆ ಯಾವುದೋ ಬೇರೆ ಎಲೆಕ್ಟ್ರಿಕಲ್ ದೋಷಕ್ಕೂ ವಾರಂಟಿ ನಿರಾಕರಿಸಲು ಸರ್ವಿಸ್ ಸೆಂಟರಿಗೆ ನೀವೇ ಕಾರಣ ಕೊಟ್ಟಂತೆ.

ಟಚ್‌ಸ್ಕ್ರೀನ್ ಸೆಟ್ ಬದಲಾಯಿಸುವ ಆಸೆಗೂ ಕಡಿವಾಣವಿರಲಿ. ಹಿಂದಿನ ಕ್ಯಾಮೆರಾ, ಸ್ಟೀರಿಂಗಿನ ಗುಂಡಿಗಳು, ಕೆಲವು ಗಾಡಿಗಳಲ್ಲಿ ಏಸಿಯ ಸೆಟ್ಟಿಂಗೂ ಅದಕ್ಕೆ ಜೋಡಿಕೊಂಡಿರುತ್ತವೆ. ಸೆಟ್ಟನ್ನು ಹಾಗೇ ಬಿಟ್ಟು, ಅದರ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ ಕೊಳ್ಳಿ. ಕೆಲವು ಕಂಪನಿ ಸೆಟ್ಟುಗಳು ವಾಲ್ಯೂಮ್ ಏರಿದಂತೆ ತಾವಾಗಿಯೇ ಬೇಸ್ ತಗ್ಗಿಸುತ್ತವೆ, ತಮ್ಮ ಬಡ ಸ್ಪೀಕರನ್ನು ಕಾಯಲು. ಅಂಥ ಗಾಡಿಯಲ್ಲಿ ಬರೀ ಬೇಸ್ ನುಡಿಸುವ ಸಬ್‌ವೂಫರ್ ಹಾಕಿಸಿದರೆ ಅದರ ಮಟ್ಟವನ್ನು ನೀವು ಸಾಮಾನ್ಯವಾಗಿ ಕೇಳುವ ವಾಲ್ಯೂಮ್‌ನಲ್ಲೇ ಹೊಂದಿಸಬೇಕು.

8. ಪ್ಲಸ್ಸು ಮೈನಸ್ಸು

ದುಡ್ಡು ಖರ್ಚಾಗಿದೆ, ಸ್ಪೀಕರ್ ಒಳ್ಳೆಯದು, ಆದರೂ ಬೇಸೇ ಇಲ್ಲ, ಹಾಡುವವರು ಎಲ್ಲಿದ್ದಾರೆಂದೇ ಗೊತ್ತಾಗುವುದಿಲ್ಲ ಎಂದು ಬರುವ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದು ತಿರುಗಾಮುರುಗಾ ವೈರನ್ನು. ಒಂದು ಬಾಗಿಲಿನ ಪ್ಲಸ್ ಮೈನಸ್ ಅದಲುಬದಲಾದರೆ ಎಡದ ಕೋನ್ ಮುಂದೆ ಬಂದಾಗ ಬಲದ್ದು ಹಿಂದೆ ಹೋಗುತ್ತದೆ. ಎರಡೂ ಸೇರಿ ಬೇಸನ್ನು ಕೊಲ್ಲುತ್ತವೆ.

ಪರೀಕ್ಷೆಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಸ್ಪೀಕರ್ ವೈರನ್ನು ಸೆಟ್ಟಿನ ಕಡೆಯಿಂದ ಬಿಡಿಸಿಕೊಂಡು, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಕ್ಕೆ ನೆಗೆಯಬೇಕು. ಒಳಕ್ಕೆ ಹೋದರೆ ಎಲ್ಲೋ ತಿರುವಾಗಿದೆ. ಬಿಡಿ ಟ್ವೀಟರಿನ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಬಿಚ್ಚದೆಯೂ ಪತ್ತೆ ಮಾಡಬಹುದು. 1960ರ ದಶಕದ ನಮ್ಮ ಚಿತ್ರಗೀತೆಗಳು ಮೋನೋ ಮುದ್ರಣದವು. ಎಡಕ್ಕೂ ಬಲಕ್ಕೂ ಒಂದೇ ಸಿಗ್ನಲ್. ಪಿ.ಬಿ. ಶ್ರೀನಿವಾಸರು ರಾಜ್‌ಕುಮಾರರಿಗೆ ಹಾಡಿದ್ದೊಂದನ್ನು ಹಾಕಿ, ಎರಡು ಸೀಟಿನ ನಡುವೆ ತಲೆ ಇಟ್ಟು ಕೇಳಿ. ಸರಿ ಇದ್ದರೆ ದನಿ ಡ್ಯಾಶ್‌ಬೋರ್ಡಿನ ನಡುಮಧ್ಯೆ ನಿಲ್ಲುತ್ತದೆ. ತಿರುವಾಗಿದ್ದರೆ ಎಲ್ಲೂ ನಿಲ್ಲದೆ ತಲೆಯ ಸುತ್ತ ಹರಡುತ್ತದೆ, ಬ್ಯಾಲೆನ್ಸನ್ನು ಒಂದೇ ಕಡೆಗೆ ತಿರುಗಿಸಿದರೆ ಬೇಸ್ ಹೆಚ್ಚಾಗುತ್ತದೆ. ಆಮೇಲೆ ಸ್ಟೀರಿಯೋ ಮಾಡಿ ಮರುಬಿಡುಗಡೆ ಮಾಡಿದ ಆವೃತ್ತಿ ಇದಕ್ಕೆ ಆಗದು, ಮೂಲ ಮುದ್ರಣವೇ ಬೇಕು.

ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲದ ಸ್ಪೀಕರ್ ಹತ್ತಿರ, ಎಡದ್ದು ದೂರ. ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಎರಡರ ದೂರದಲ್ಲಿ 50 ಸೆಂಟಿಮೀಟರ್ ವ್ಯತ್ಯಾಸವಿದ್ದಾಗ ಬಲದ್ದನ್ನು ಒಂದೂವರೆ ಮಿಲಿಸೆಕೆಂಡ್ ತಡೆದರೆ ಹಾಡುಗಾರ ನಡುವೆ ಬಂದು ನಿಲ್ಲುತ್ತಾನೆ. ಟೈಮ್ ಅಲೈನ್‌ಮೆಂಟ್ ಎಂಬ ಆಯ್ಕೆ ನಿಮ್ಮ ಸೆಟ್ಟಿನಲ್ಲಿದ್ದರೆ ಅಳತೆಪಟ್ಟಿ ಹಿಡಿದು ಅಳೆದು ಹಾಕಿ, ಕಾಸಿನ ಖರ್ಚಿಲ್ಲ.

9. ಬೇಸಿನ ಭಾರವನ್ನು ಬಾಗಿಲಿನಿಂದ ಇಳಿಸಿ

ಅದೇ ಜೋರಿನಲ್ಲಿ ಆವರ್ತನ ಅರ್ಧಕ್ಕಿಳಿದರೆ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಆಡಬೇಕು. 80 ಹರ್ಟ್ಸ್‌ನಲ್ಲಿ ಆರಾಮವಾಗಿದ್ದ ಆರೂವರೆ ಇಂಚಿನ ಸ್ಪೀಕರ್ 40ರಲ್ಲಿ ಒದ್ದಾಡುತ್ತದೆ, ಆ ಒದ್ದಾಟದಲ್ಲಿ ಗಾಯಕಿಯ ದನಿಯೂ ನಡುಗುತ್ತದೆ. ಸೆಟ್ಟಿನಲ್ಲೋ ಆಂಪ್‌ನಲ್ಲೋ ಕೆಳಗಿನ ಆವರ್ತನ ತಡೆಯುವ ಹೈಪಾಸ್ ಫಿಲ್ಟರ್ ಇದ್ದರೆ 80ಕ್ಕೆ ಇಡಿ. ಎರಡೂ ಇಲ್ಲದವರು ಪ್ರತಿ ಸ್ಪೀಕರಿನ ಪ್ಲಸ್ ವೈರಿನಲ್ಲಿ 470 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ ಕೆಪಾಸಿಟರ್ ಒಂದನ್ನು ಸೇರಿಸಿದರೆ, 4 ಓಮ್‌ಗೆ ಹತ್ತಿರಹತ್ತಿರ 85 ಹರ್ಟ್ಸ್‌ನ ಕೆಳಗಿನದು ತಗ್ಗುತ್ತಾ ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ಸಾಮಾನು. ಸ್ಪೀಕರಿನ ಒದ್ದಾಟ ನಿಂತು, ವಾಲ್ಯೂಮ್ ಇನ್ನೂ ನಾಲ್ಕು ಹೆಜ್ಜೆ ಒಡೆಯದೆ ಏರುತ್ತದೆ.

ಇಳಿಸಿದ ಭಾರವನ್ನು ಹೊರಲು ಸಬ್‌ವೂಫರ್ ಬೇಕೆನ್ನುವವರಿಗೆ ಸೀಟಿನಡಿಯ, ಆಂಪ್ ಒಳಗೇ ಇರುವ 8 ಇಂಚಿನದನ್ನು ಹೇಳುತ್ತೇನೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಟ್ಯಾಕ್ಸಿಗಳಿಗಂತೂ ಅದೇ ಗತಿ. ಮೇಲಿನದನ್ನು ತಡೆಯುವ ಲೋಪಾಸ್ ಫಿಲ್ಟರನ್ನು 80ಕ್ಕೆ ಇಡಿ, ಫೇಸ್ ಸ್ವಿಚ್ಚನ್ನು ಎರಡೂ ಕಡೆಗೆ ಹಾಕಿ ನೋಡಿ ಎಲ್ಲಿ ಬೇಸ್ ತುಂಬಿ ಬರುತ್ತದೋ ಅಲ್ಲಿ ಬಿಡಿ. ಸಬ್‌ವೂಫರ್ ಇದೆಯೆಂದು ಗೊತ್ತಾಗಬಾರದು, ಆಫ್ ಮಾಡಿದಾಗ ಮಾತ್ರ ಏನೋ ಕಳೆದುಹೋಯಿತು ಅನ್ನಿಸಬೇಕು. ಅಷ್ಟಕ್ಕೇ ಅದರ ಮಟ್ಟ ನಿಲ್ಲಿಸಿ.

10. ಆಂಪ್ ಹಾಕಿದರೆ ತಾಮ್ರ, ಫ್ಯೂಸ್, ಅರ್ತಿಂಗ್

ಇಲ್ಲಿ ಉಳಿತಾಯ ಮಾಡಬೇಡಿ, ಬೆಂಕಿಯ ವಿಷಯ ಇದು. ಬ್ಯಾಟರಿಯಿಂದ ಹೊರಡುವ ವೈರಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಇರಬೇಕು. ಫ್ಯೂಸ್ ಕಾಯುವುದು ವೈರನ್ನು. ಗಾಡಿಯ ತಗಡಿಗೆ ಉಜ್ಜಿ ಸಿಪ್ಪೆ ಹೋದ ವೈರು ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದೆ ವೈರ್ ಎಳೆಯಬೇಡಿ.

ಅಗ್ಗದ ವೈರಿಂಗ್ ಕಿಟ್ಟುಗಳು ಬಹುಪಾಲು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅದೇ ದಪ್ಪದ ಶುದ್ಧ ತಾಮ್ರದ ಮೂರನೇ ಎರಡರಷ್ಟು ಮಾತ್ರ ಕರೆಂಟು ಒಯ್ಯುವ ಶಕ್ತಿ ಅದಕ್ಕೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬಿಳಿ ಕಂಡರೆ ಅಲ್ಯುಮಿನಿಯಂ, ಕೆಂಪು ಕಂಡರೆ ತಾಮ್ರ. ಅಂಗಡಿಯಲ್ಲೇ ಕೆರೆದು ನೋಡಿ ಕೊಳ್ಳಿ, ಸಂಕೋಚ ಬೇಡ.

ಎಂಜಿನ್ ವೇಗ ಏರಿದಂತೆ ಕುಂಯ್ ಎಂದು ಏರುವ ಸದ್ದು ಬಂದರೆ ಅರ್ತಿಂಗ್, ಅಂದರೆ ಆಂಪಿನ ಮೈನಸ್ ವೈರ್ ಗಾಡಿಯ ತಗಡಿಗೆ ಸೇರುವ ಜಾಗ ನೋಡಿ. ಪೇಂಟ್ ಕೆರೆದು ತಗಡು ಹೊಳೆಯುವಂತೆ ಮಾಡಿ, ಬೋಲ್ಟ್ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚಬೇಕು. ವೈರ್ ಆದಷ್ಟು ಗಿಡ್ಡ ಇರಲಿ. ಬ್ಯಾಟರಿ ವೈರ್ ಒಂದು ಮಗ್ಗುಲಲ್ಲಿ ಬಂದರೆ ಸಿಗ್ನಲ್ ವೈರ್ ಇನ್ನೊಂದು ಮಗ್ಗುಲಲ್ಲಿ ಬರಲಿ.

ಗೇನ್ ಎಂಬ ತಿರುಗಣಿ ವಾಲ್ಯೂಮ್ ಅಲ್ಲ, ಸೆಟ್ಟಿನ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವುದಷ್ಟೇ ಅದರ ಕೆಲಸ. 50 ವ್ಯಾಟಿನ ಆಂಪ್ 4 ಓಮ್‌ಗೆ ಆದರೆ ಗುರಿ 14 ವೋಲ್ಟ್ ಏಸಿ (50 x 4 = 200, ಅದರ ವರ್ಗಮೂಲ). ಸ್ಪೀಕರ್ ವೈರ್ ಬಿಡಿಸಿ, ಸೆಟ್ಟನ್ನು ಮುಕ್ಕಾಲು ವಾಲ್ಯೂಮ್‌ಗೆ ತಂದು, ಫೋನಿನಿಂದ 200 ಹರ್ಟ್ಸ್‌ನ ಟೋನ್ ನುಡಿಸಿ, ಆಂಪಿನ ತುದಿಗೆ ಮಲ್ಟಿಮೀಟರ್ ಹಿಡಿದು 14 ವೋಲ್ಟ್ ಬರುವವರೆಗೆ ಮಾತ್ರ ಗೇನ್ ತಿರುಗಿಸಿ.

11. ನೀವು ಕೇಳುವ ಹಾಡಿನಿಂದಲೇ ಪರೀಕ್ಷೆ

ಅಂಗಡಿಗಳಲ್ಲಿ ಡೆಮೋಗೆ ಹಾಕುವ ಧಂಧಂ ಹಾಡಿನಲ್ಲಿ ಎಲ್ಲ ಸಿಸ್ಟಮ್ಮೂ ಚೆನ್ನಾಗಿಯೇ ಕೇಳುತ್ತದೆ. ನನ್ನ ಪೆನ್‌ಡ್ರೈವ್ ಬೇರೆ. 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರು ಹಾಡಿದ್ದು ಮೊದಲು, ಗಂಡು ದನಿಯ ತುಂಬು ಬಾಗಿಲಿನಲ್ಲಿ ನಿಲ್ಲುತ್ತಿದೆಯೇ ನೋಡಲು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಮೀಟಿದ ನಾದ ಎಷ್ಟು ಹೊತ್ತು ಉಳಿಯುತ್ತದೆಂದು ಕೇಳಲು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಟ್ವೀಟರಿಗೆ. ತಾರಸ್ಥಾಯಿಯಲ್ಲಿ ಕಿವಿ ಚುಚ್ಚಿದರೆ ಟ್ವೀಟರಿನ ಮಟ್ಟ ತಗ್ಗಿಸಬೇಕು. ಯಕ್ಷಗಾನದ ಚೆಂಡೆ ಮದ್ದಳೆಯದೊಂದು ತುಣುಕು ಹಾಕಿದರೆ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಬೇಕು. ಒಂದಕ್ಕೊಂದು ಅಂಟಿದರೆ ಬಾಗಿಲು ಇನ್ನೂ ನಡುಗುತ್ತಿದೆಯೆಂದು ಅರ್ಥ. ಹಂಸಲೇಖರ ‘ಪ್ರೇಮಲೋಕ’ (1987) ಲಯಕ್ಕೆ, ಅಜನೀಶ್ ಲೋಕನಾಥರ ‘ಕಾಂತಾರ’ (2022) ಸಬ್‌ವೂಫರಿಗೆ.

ಕೊನೆಗೆ 40ರಿಂದ 200 ಹರ್ಟ್ಸ್‌ವರೆಗೆ ನಿಧಾನ ಏರುವ ಟೋನ್ ಒಂದನ್ನು ಹಾಕಿ, ಪ್ಯಾಡ್ ಮೇಲೆ, ಡ್ಯಾಶ್‌ಬೋರ್ಡ್ ಮೇಲೆ, ಹಿಂದಿನ ನಂಬರ್ ಪ್ಲೇಟಿನ ಮೇಲೆ ಅಂಗೈ ಇಡುತ್ತಾ ಹೋಗುತ್ತೇನೆ. ಕೈ ಇಟ್ಟಾಗ ನಿಲ್ಲುವ ಗರಗರ ಎಲ್ಲಿದೆಯೋ ಅಲ್ಲಿ ಬಟ್ಟೆಯ ಟೇಪು.

ಟ್ಯಾಕ್ಸಿ ಓಡಿಸುವ ಅಣ್ಣತಮ್ಮಂದಿರಿಗೆ ಒಂದು ಮಾತು. 85 ಡೆಸಿಬಲ್‌ನ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳುವುದು ಕಿವಿಗೆ ಅಪಾಯ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಸಮಯ ಅರ್ಧವಾಗುತ್ತದೆ. ಒಳ್ಳೆಯ ಸಿಸ್ಟಮ್ಮಿನ ಲಾಭವೇ ಸಣ್ಣ ದನಿಯಲ್ಲೂ ಮಾತು ತಿಳಿಯುವುದು. ಹಿಂದಿನ ಆಂಬುಲೆನ್ಸಿನ ಸೈರನ್ ಕೇಳುವಷ್ಟು ಜಾಗ ಕಿವಿಗೆ ಬಿಡಿ.

12. ದುಡ್ಡಿನ ಹಂಚಿಕೆ, ಹಳೆಯ ಸಾಮಾನು

ಹತ್ತು ಸಾವಿರವಿದ್ದರೆ ಮೂರೂವರೆ ಸಾವಿರದ ತನಕ ಮುಂದಿನ ಎರಡು ಬಾಗಿಲಿಗೆ, ನಾಲ್ಕು ಸಾವಿರದ ಆಸುಪಾಸು ಸ್ಪೀಕರಿಗೆ, ಉಳಿದದ್ದು ರಿಂಗ್, ಕಪ್ಲರ್, ಕ್ಲಿಪ್, ಕೂಲಿಗೆ. ಇಪ್ಪತ್ತೈದಿದ್ದರೆ ಇದೇ ಬುನಾದಿಯ ಮೇಲೆ ಕಾಂಪೊನೆಂಟ್, ಆಮೇಲೆ ಸಣ್ಣ ಆಂಪ್ ಅಥವಾ ಸೀಟಿನಡಿಯ ಸಬ್‌ವೂಫರ್, ಎರಡರಲ್ಲಿ ಒಂದು. ಒಮ್ಮೆಗೇ ಆಗದಿದ್ದರೆ ಬಾಗಿಲನ್ನು ಈಗ ಮುಗಿಸಿ, ಆಂಪನ್ನು ಮುಂದಿನ ವರ್ಷ ಹಾಕಿಸಿ. ಬಾಗಿಲಿನ ಕೆಲಸ ಮತ್ತೆ ಮಾಡಬೇಕಾಗಿಲ್ಲ.

ಬಿಚ್ಚಿದ ಕಂಪನಿ ಸ್ಪೀಕರ್, ಸ್ಕ್ರೂ, ಗ್ರಿಲ್‌ಗಳನ್ನು ಎಡ, ಬಲ ಎಂದು ಬರೆದು ಒಂದು ಡಬ್ಬಿಯಲ್ಲಿ ಮನೆಯಲ್ಲಿಡಿ. ಗಾಡಿ ಮಾರುವ ದಿನ ಕಪ್ಲರ್ ಕಿತ್ತು ಅವನ್ನೇ ಮತ್ತೆ ಜೋಡಿಸಬಹುದು, ನಿಮ್ಮ ಸ್ಪೀಕರ್ ಮುಂದಿನ ಗಾಡಿಗೆ ಹೋಗುತ್ತದೆ. ಹೊಸದಾಗಿ ಹಾಕಿದ್ದರ ಸ್ಕ್ರೂಗಳನ್ನು ಮಾತ್ರ ಒಂದು ತಿಂಗಳು ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿಕೊಳ್ಳಿ, ಫೋಮ್ ಪಟ್ಟಿ ಅಷ್ಟರಲ್ಲಿ ಅಮುಕಿ ಸ್ವಲ್ಪ ಸಡಿಲವಾಗಿರುತ್ತದೆ.